ಓಪನ್ ಡಿಗ್ರಿಗೆ ಕಿಮ್ಮತ್ತು ಅದಾ ಏನ್ರಿ? ದುಡಿಯುವವರು ಪದವಿಗೆ ಸೇರುವ ಮುಂಚೆ ಹಾಕಬೇಕಾದ ಲೆಕ್ಕ

ಮಣ್ಣೂರ (ತಾ. ಅಫಜಲಪುರ): ಪಿಯುಸಿ ಮುಗಿದು ಹತ್ತು ವರ್ಷ ಆಗಿರುತ್ತದೆ. ಕೈಯಲ್ಲಿ ಒಂದು ಕೆಲಸ ಇರುತ್ತದೆ. ಸಕ್ಕರೆ ಕಾರ್ಖಾನೆಯಲ್ಲೋ, ಅಂಗನವಾಡಿಯಲ್ಲೋ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲೋ, ಗ್ರಾಮ ಪಂಚಾಯಿತಿಯಲ್ಲೋ. ಅದನ್ನು ಬಿಟ್ಟು ಕಾಲೇಜಿಗೆ ಹೋಗುವಂತಿಲ್ಲ, ಡಿಗ್ರಿ ಇಲ್ಲದೆ ಮುಂದಿನ ಮೆಟ್ಟಿಲು ಹತ್ತುವಂತಿಲ್ಲ. ಭೀಮಾ ತೀರದ ಊರುಗಳಲ್ಲಿ ಇಂಥವರು ಓಣಿಗೊಬ್ಬರು ಸಿಗುತ್ತಾರೆ. ದೂರಶಿಕ್ಷಣದ ಪ್ರವೇಶ ಶುರುವಾಯಿತೆಂದರೆ ಅವರ ಬಾಯಲ್ಲಿ ಎರಡೇ ಪ್ರಶ್ನೆ. ಒಂದು, "ರೊಕ್ಕ ಎಷ್ಟ್ ಆಗ್ತದ?" ಇನ್ನೊಂದು, ಸ್ವಲ್ಪ ದನಿ ತಗ್ಗಿಸಿ, "ಓಪನ್‌ದಾಗ ಮಾಡಿದ್ರ ಅದಕ್ಕ ಕಿಮ್ಮತ್ತು ಅದಾ ಏನ್ರಿ?"

ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಉತ್ತರ ಹುಡುಕುವ ಜಾಗ ಹೆಚ್ಚಿನವರಿಗೆ ತಪ್ಪುತ್ತದೆ. ಖರ್ಚು ಅಂದರೆ ವಿಶ್ವವಿದ್ಯಾಲಯಕ್ಕೆ ಕಟ್ಟುವ ಶುಲ್ಕ ಅಂದುಕೊಳ್ಳುತ್ತಾರೆ, ಕಿಮ್ಮತ್ತು ಅಂದರೆ ವಿಶ್ವವಿದ್ಯಾಲಯದ ಹೆಸರು ಅಂದುಕೊಳ್ಳುತ್ತಾರೆ. ಮಣ್ಣೂರಿನಂಥ ಊರಿನಿಂದ ಸೇರುವವರ ಮಟ್ಟಿಗೆ ಇವೆರಡೂ ಲೆಕ್ಕದ ಸಣ್ಣ ಪಾಲು.

ಸರ್ಕಾರಿ ನೌಕರಿಗೆ ಹೆಸರು ಬೇಕಾಗಿಲ್ಲ

ಮೊದಲು ಕಿಮ್ಮತ್ತಿನ ಮಾತು. ಈ ಭಾಗದಲ್ಲಿ ಡಿಗ್ರಿ ಮಾಡುವ ಬಹುತೇಕರ ಕಣ್ಣು ಸರ್ಕಾರಿ ನೌಕರಿ ಮೇಲೆ. ಅಲ್ಲಿ ನಿಯಮ ಸ್ಪಷ್ಟವಾಗಿದೆ. ಮಾನ್ಯತೆ ಇರುವ ವಿಶ್ವವಿದ್ಯಾಲಯದಿಂದ ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಪಡೆದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಸೆಪ್ಟೆಂಬರ್ 2ರಂದು ಸುತ್ತೋಲೆ ಹೊರಡಿಸಿದೆ. ಅದಕ್ಕೆ ಆಧಾರ 2020ರ ದೂರಶಿಕ್ಷಣ ನಿಯಮಾವಳಿ. ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ), ಪಿಡಿಒ, ಪಿಎಸ್‌ಐ ಹುದ್ದೆಗಳಿಗೆ ಬೇಕಾದದ್ದು ಮಾನ್ಯ ಪದವಿ. ಅದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ್ದೋ (ಕೆಎಸ್‌ಒಯು), ಗುಲಬರ್ಗಾ ವಿಶ್ವವಿದ್ಯಾಲಯದ್ದೋ ಎಂದು ನೋಡಿ ಯಾರೂ ಅಂಕ ಹೆಚ್ಚು ಕಡಿಮೆ ಮಾಡುವುದಿಲ್ಲ. ಆಯ್ಕೆ ನಿಲ್ಲುವುದು ಸ್ಪರ್ಧಾತ್ಮಕ ಪರೀಕ್ಷೆಯ ಅಂಕದ ಮೇಲೆ.

ಕಲ್ಯಾಣ ಕರ್ನಾಟಕದವರಿಗೆ ಇಲ್ಲಿ ಇನ್ನೊಂದು ತೂಕ ಇದೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಈ ಭಾಗದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲು. ಅರ್ಹತಾ ಪ್ರಮಾಣಪತ್ರ ಕೈಯಲ್ಲಿದ್ದೂ ಪದವಿ ಇಲ್ಲ ಅಂತ ಅರ್ಜಿ ಹಾಕಲಾಗದೆ ಕೂತವರಿಗೆ ಮುಕ್ತ ವಿಶ್ವವಿದ್ಯಾಲಯದ ಬಿಎ ಕೂಡ ದೊಡ್ಡ ಬಾಗಿಲು. ಒಂದು ಎಚ್ಚರ ಇರಲಿ. ಅರ್ಜಿಯ ಕೊನೇ ದಿನಾಂಕದೊಳಗೆ ಪದವಿ ಪಾಸಾಗಿರಬೇಕು ಎಂಬುದು ನೇಮಕಾತಿ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇರುವ ಷರತ್ತು. ಫಲಿತಾಂಶ ತಡವಾಯಿತೆಂದರೆ ಆ ಸಲದ ನೇಮಕಾತಿ ಕೈತಪ್ಪಿದ ಹಾಗೆ.

ಉಪನ್ಯಾಸಕ ಆಗಬೇಕು ಅನ್ನುವವರಿಗೂ ದೂರಶಿಕ್ಷಣದ ಎಂಎ ನಡೆಯುತ್ತದೆ. ಆದರೆ ನೆಟ್, ಕೆಸೆಟ್ ಬರೆಯಲು ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರಿಗೆ ಶೇ 50. "ಪಾಸಾದ್ರ ಸಾಕು" ಅಂತ ಶೇ 48ಕ್ಕೆ ಮುಗಿಸಿದವರಿಗೆ ಎರಡು ವರ್ಷದ ಶ್ರಮ ಸಿಕ್ಕೂ ಸಿಗದಂತೆ ಆಗುತ್ತದೆ. ವಿಶ್ವವಿದ್ಯಾಲಯದ ಹೆಸರಿಗಿಂತ ಈ ಏಳು ಅಂಕದ ಕಿಮ್ಮತ್ತು ದೊಡ್ಡದು.

ಈಗಾಗಲೇ ಸರ್ಕಾರಿ ಸೇವೆಯಲ್ಲಿ ಇರುವವರು ಸೇರುವ ಮೊದಲು ಇಲಾಖೆಯ ಅನುಮತಿ ಪಡೆಯಬೇಕು. ಡಿಗ್ರಿ ಬಂತು, ಇನ್ನು ಬಡ್ತಿ ತಾನಾಗೇ ಬರುತ್ತದೆ ಎಂದು ನಂಬಿ ಕೂಡುವುದೂ ಬೇಡ. ಪದವಿ ಪಡೆದಿದ್ದರೂ ತಮ್ಮನ್ನು ಒಂದರಿಂದ ಐದನೇ ತರಗತಿಗೆ ಸೀಮಿತ ಮಾಡಲಾಗಿದೆ ಎಂದು ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕರು ವರ್ಷಗಳಿಂದ ಹೋರಾಟ ಮಾಡುತ್ತಿರುವುದು ಎಲ್ಲರಿಗೂ ಗೊತ್ತಿದೆ. ಬಡ್ತಿ ನಿಲ್ಲುವುದು ಆಯಾ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮದ ಮೇಲೆ. ಆ ನಿಯಮ ಓದದೆ ಎಂಎ ಮಾಡುವುದು, ಬಾವಿ ಎಲ್ಲಿ ಅಂತ ಕೇಳದೆ ಹಗ್ಗ ಕೊಂಡಂಗ.

2015ರಲ್ಲಿ ಏನಾಯಿತು

"ಮಾನ್ಯತೆ ಇರುವ ವಿಶ್ವವಿದ್ಯಾಲಯ" ಅನ್ನುವ ಮಾತು ಬಂತಲ್ಲ, ಅದರಲ್ಲೇ ಎಲ್ಲ ಅಡಗಿದೆ. ಇದನ್ನು ತಿಳಿಯಲು ಕೆಎಸ್‌ಒಯು ಕಥೆಗಿಂತ ಬೇರೆ ಉದಾಹರಣೆ ಬೇಡ.

ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತು. ಹಳೇ ತಲೆಮಾರಿನವರು ಇವತ್ತಿಗೂ "ಕರೆಸ್ಪಾಂಡೆನ್ಸ್" ಅನ್ನುವುದು ಅದರ ನೆನಪಿಗೆ. ಅದೇ ಸಂಸ್ಥೆ 1996ರಲ್ಲಿ ಸ್ವತಂತ್ರ ಮುಕ್ತ ವಿಶ್ವವಿದ್ಯಾಲಯ ಆಯಿತು. ಸರ್ಕಾರದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಹೆಸರಿಗೂ ಕೊರತೆ ಇರಲಿಲ್ಲ. ಆದರೂ 2015ರ ಜೂನ್‌ನಲ್ಲಿ ಯುಜಿಸಿ ಒಂದು ಸೂಚನೆ ಹೊರಡಿಸಿತು: 2013-14ರಿಂದ ಆಚೆಗೆ ಈ ವಿಶ್ವವಿದ್ಯಾಲಯದ ಕೋರ್ಸುಗಳಿಗೆ ಮಾನ್ಯತೆ ಇಲ್ಲ. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೇಂದ್ರ ನಡೆಸಿದ್ದು, ಅನುಮತಿ ಇಲ್ಲದ ತಾಂತ್ರಿಕ ಕೋರ್ಸು ಕೊಟ್ಟದ್ದು ಆಕ್ಷೇಪಗಳಾಗಿದ್ದವು.

ತಪ್ಪು ಎಲ್ಲಿ ಆಗಿತ್ತು, ಪೆಟ್ಟು ಯಾರಿಗೆ ಬಿತ್ತು ನೋಡಿ. ಹೊರರಾಜ್ಯದ ಕೇಂದ್ರಗಳಿಗೂ ಕಲಬುರಗಿ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಬಿಎ ಮಾಡುತ್ತಿದ್ದವರಿಗೂ ಸಂಬಂಧವೇ ಇರಲಿಲ್ಲ. ಆದರೂ 2013-14, 2014-15ನೇ ಸಾಲಿನಲ್ಲಿ ಸೇರಿದವರು ಶುಲ್ಕ ಕಟ್ಟಿ, ಓದಿ, ಪರೀಕ್ಷೆ ಬರೆದೂ ಮುಂದೇನು ಅಂತ ತಿಳಿಯದೆ ವರ್ಷಗಟ್ಟಲೆ ಅಲೆದರು. ಮಾನ್ಯತೆ ಮತ್ತೆ ಬಂದದ್ದು 2018ರ ಆಗಸ್ಟ್‌ನಲ್ಲಿ. ಅದೂ 2018-19ರಿಂದ 2022-23ರವರೆಗೆ, ತಾಂತ್ರಿಕವಲ್ಲದ 17 ಕೋರ್ಸುಗಳಿಗೆ. ಆಮೇಲೆ ಕೋರ್ಸುಗಳು ಹೆಚ್ಚಿದವು, 2023ರಲ್ಲಿ ನ್ಯಾಕ್‌ನಿಂದ ಎ ಪ್ಲಸ್ ಶ್ರೇಣಿಯೂ ಸಿಕ್ಕಿತು. ಇವತ್ತು ಸೇರುವವರು 2015ರ ಕಥೆ ಕೇಳಿ ಹೆದರಿ ಹಿಂದೆ ಸರಿಯಬೇಕಾಗಿಲ್ಲ. ಆದರೆ ಅದು ಕಲಿಸಿದ್ದನ್ನು ಮರೆಯಲೂಬಾರದು. ಮಾನ್ಯತೆ ಅನ್ನುವುದು ವಿಶ್ವವಿದ್ಯಾಲಯದ ಬೋರ್ಡಿಗೆ ಒಮ್ಮೆ ಹೊಡೆದ ಮೊಳೆ ಅಲ್ಲ. ಯಾವ ಕೋರ್ಸು, ಯಾವ ವರ್ಷ, ಯಾವ ಪ್ರವೇಶ, ಈ ಮೂರಕ್ಕೂ ಕೂಡಿ ಅದನ್ನು ನೋಡಬೇಕು. ನೋಡುವ ಜಾಗ ಯುಜಿಸಿಯ ದೂರಶಿಕ್ಷಣ ಬ್ಯೂರೋದ (ಡೆಬ್) ಜಾಲತಾಣ. ಪಕ್ಕದ ಮನಿಯವರು ಹೋದ ವರ್ಷ ಸೇರ್ಯಾರ ಅನ್ನೋದು ಇಲ್ಲಿ ಸಾಕ್ಷಿ ಆಗಂಗಿಲ್ಲ.

ದೂರಶಿಕ್ಷಣದಲ್ಲಿ ಕೊಡಲೇಬಾರದ ಪದವಿಗಳ ಪಟ್ಟಿಯೂ ಇದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಇವು ಸಿಗುವುದಿಲ್ಲ. ಪಿಎಚ್‌ಡಿ ಇಲ್ಲ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರ, ಆಹಾರ ಮತ್ತು ಪೌಷ್ಟಿಕಾಂಶ ವಿಜ್ಞಾನದಂಥ ವಿಷಯಗಳನ್ನೂ ಯುಜಿಸಿ ನಿಲ್ಲಿಸಿದೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು 2001ರಿಂದ 2005ರ ನಡುವೆ ಸೇರಿಸಿಕೊಂಡವರಿಗೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳನ್ನು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಅಮಾನತು ಮಾಡಿತು. ಅಷ್ಟೊತ್ತಿಗೆ ಆ ಪದವೀಧರರು ನೌಕರಿಯಲ್ಲಿ ಹತ್ತು ವರ್ಷ ಕಳೆದಿದ್ದರು.

ಬಿಎಡ್ ವಿಷಯದಲ್ಲಿ ಈ ಕಡೆ ಮಂದಿ ಹೆಚ್ಚು ಮೋಸ ಹೋಗುತ್ತಾರೆ. "ಮನ್ಯಾಗ ಕುಂತು ಬಿಎಡ್ ಮಾಡ್ರಿ" ಅಂತ ಯಾರಾದರೂ ಹೇಳಿದರೆ ಮೊದಲು ಅರ್ಹತೆ ಕೇಳಬೇಕು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮದಂತೆ ದೂರಶಿಕ್ಷಣದ ಬಿಎಡ್ ಇರುವುದು ತರಬೇತಿ ಪಡೆದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿರುವ ಶಿಕ್ಷಕರಿಗೆ, ಇಲ್ಲವೇ ಡಿಎಡ್‌ನಂಥ ಶಿಕ್ಷಕ ತರಬೇತಿಯನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ. ಬರೀ ಬಿಎ ಮುಗಿಸಿದ ಅತಿಥಿ ಶಿಕ್ಷಕರು ಇದಕ್ಕೆ ಅರ್ಹರಲ್ಲ.

ಇನ್ನೂ ಹಿಂದಿನ ಮೆಟ್ಟಿಲು ಪಿಯುಸಿ. ಅದನ್ನು ಹಾರಿ ನೇರ ಡಿಗ್ರಿಗೆ ಸೇರಿಸುತ್ತೇವೆ ಅನ್ನುವವರೂ ಇದ್ದಾರೆ. ಮೂಲ ಪದವಿ ಇಲ್ಲದೆ ಪಡೆದ ಸ್ನಾತಕೋತ್ತರ ಪದವಿ ಮಾನ್ಯವಲ್ಲ ಎಂದು ಅಣ್ಣಾಮಲೈ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಎಸ್‌ಎಸ್‌ಎಲ್‌ಸಿಗೆ ನಿಂತವರು ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಕಟ್ಟಿ ಮುಂದೆ ಹೋಗುವುದು ಲೇಸು. ಒಂದೆರಡು ವರ್ಷ ಹೆಚ್ಚು ಹಿಡಿಯುತ್ತದೆ, ಆದರೆ ಮುಂದೆ ಯಾವ ಕಚೇರಿಯಲ್ಲೂ ಕಾಗದ ವಾಪಸ್ ಬರುವುದಿಲ್ಲ.

ಶುಲ್ಕದ ಆಚೆಗಿನ ಖರ್ಚು

ಈಗ ರೊಕ್ಕದ ಮಾತು. ಮುಕ್ತ ವಿಶ್ವವಿದ್ಯಾಲಯಗಳ ಬಿಎ, ಎಂಎ ಶುಲ್ಕ ವರ್ಷಕ್ಕೆ ಕೆಲವು ಸಾವಿರದ ಮಾತು. ಕೆಎಸ್‌ಒಯುದಲ್ಲಿ ಬಿಪಿಎಲ್ ಕುಟುಂಬದ ಮಹಿಳೆಯರು, ಆಟೋ ಚಾಲಕರು, ಮಾಜಿ ಸೈನಿಕರಂಥವರಿಗೆ ರಿಯಾಯಿತಿ ಇರುವುದುಂಟು. ಕಲಬುರಗಿಯ ಪ್ರಾದೇಶಿಕ ಕೇಂದ್ರದಲ್ಲಿ ಆ ವರ್ಷದ ಪಟ್ಟಿ ಕೇಳಬೇಕು.

ಆದರೆ ಮಣ್ಣೂರಿನಿಂದ ಮೊದಲು ಅಫಜಲಪುರ, ಅಲ್ಲಿಂದ ಸುಮಾರು 60 ಕಿ.ಮೀ. ಕಲಬುರಗಿ. ಪ್ರವೇಶ, ಸಂಪರ್ಕ ತರಗತಿ, ಪರೀಕ್ಷೆ ಎಲ್ಲ ಸೇರಿ ವರ್ಷಕ್ಕೆ 20 ದಿನ ಅಡ್ಡಾಡಬೇಕಾಯಿತು ಅಂತ ಇಟ್ಟುಕೊಳ್ಳಿ. 2025-26ರಲ್ಲಿ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂ. ಆ ಲೆಕ್ಕದಲ್ಲೇ 20 ದಿನದ ದುಡಿಮೆ 7,400 ರೂ. ಹೋಯಿತು. ಊಟ, ಬಸ್ಸು, ಕೆಲವೊಮ್ಮೆ ವಸತಿ ಬೇರೆ. ಮಹಿಳೆಯರಿಗೆ ಮಾತ್ರ ಇದರಲ್ಲಿ ಒಂದು ಭಾರ ಇಳಿದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸರ್ಕಾರಿ ಬಸ್ ಪ್ರಯಾಣ ಉಚಿತ. ಬಸ್ ಚಾರ್ಜಿಗೂ ಗಂಡನನ್ನೋ ಅತ್ತೆಯನ್ನೋ ಕೇಳಬೇಕಿದ್ದ ಮನೆಗಳಲ್ಲಿ ಇದು ಸಣ್ಣ ಸಂಗತಿ ಅಲ್ಲ.

ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ) 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಬಂದದ್ದು, ನ್ಯಾಕ್‌ನಲ್ಲಿ ಎ ಡಬಲ್ ಪ್ಲಸ್ ಪಡೆದದ್ದು. ಹೆಸರಿನ ತೂಕ ನೋಡಿದರೆ ಅದೇ ಮುಂದೆ. ಈ ಭಾಗಕ್ಕೆ ಅದರ ಪ್ರಾದೇಶಿಕ ಕೇಂದ್ರ ಇರುವುದು ವಿಜಯಪುರದಲ್ಲಿ. ಪಾಠದ ಪುಸ್ತಕಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಹತ್ತು ವರ್ಷ ಪುಸ್ತಕ ಮುಟ್ಟದವರು ಹೆಸರು ನೋಡಿ ಇಗ್ನೊ ಸೇರಿ, ಇಂಗ್ಲಿಷ್ ಪುಸ್ತಕದ ಮೂರನೇ ಪುಟಕ್ಕೆ ನಿಲ್ಲುತ್ತಾರೆ. ಇಂಥವರಿಗೆ ಕೆಎಸ್‌ಒಯುದ ಕನ್ನಡ ಪುಸ್ತಕವೇ ನಿಜವಾದ ಉಳಿತಾಯ. ಇಂಗ್ಲಿಷ್ ಅಥವಾ ಹಿಂದಿ ಸಲೀಸಾಗಿ ಓದುವವರಿಗೆ, ಸೇನೆಯಲ್ಲಿ ಇರುವವರಿಗೆ, ಊರಿಂದೂರಿಗೆ ವರ್ಗ ಆಗುವವರಿಗೆ ಇಗ್ನೊ ಅನುಕೂಲ. ದೇಶದ ಯಾವ ಮೂಲೆಗೆ ಹೋದರೂ ಅದರ ಕೇಂದ್ರ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಖರ್ಚು ಹೊತ್ತಿನದು. ಇಗ್ನೊ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಹೆಚ್ಚಿನ ಎಂಎ ಕೋರ್ಸುಗಳು 80 ಕ್ರೆಡಿಟ್, ಅಂದರೆ 2,400 ಗಂಟೆ. ಎರಡು ವರ್ಷದಲ್ಲಿ ಮುಗಿಸಬೇಕಾದರೆ ವಾರಕ್ಕೆ 23 ಗಂಟೆ, ದಿನಕ್ಕೆ ಮೂರು ಗಂಟೆಗೂ ಮೇಲೆ. ಕಾರ್ಖಾನೆಯ ಪಾಳಿ ಮುಗಿಸಿ ಬಂದವನಿಗೆ, ರೊಟ್ಟಿ ಬಡಿದು ಮಕ್ಕಳನ್ನು ಮಲಗಿಸಿದವಳಿಗೆ ಮೂರು ಗಂಟೆ ಎಲ್ಲಿಂದ ಬರಬೇಕು? ಆದರೆ ಇದೇ ಎಂಎ ಮುಗಿಸಲು ಇಗ್ನೊದಲ್ಲಿ ನಾಲ್ಕು ವರ್ಷದವರೆಗೆ, ಬಿಎ ಮುಗಿಸಲು ಆರು ವರ್ಷದವರೆಗೆ ಅವಕಾಶ ಇದೆ. ನಾಲ್ಕು ವರ್ಷಕ್ಕೆ ಹಂಚಿದರೆ ವಾರಕ್ಕೆ ಹನ್ನೆರಡು ಗಂಟೆಯೂ ಆಗುವುದಿಲ್ಲ. "ಎರಡ ವರ್ಷದಾಗ ಮುಗಿಸ್ತೀನಿ" ಅಂತ ಹೊರಟು ಅರ್ಧಕ್ಕೆ ಬಿಡುವುದಕ್ಕಿಂತ ಮೊದಲ ದಿನವೇ ಮೂರು ನಾಲ್ಕು ವರ್ಷ ಅಂತ ಯೋಜನೆ ಹಾಕುವುದು ಒಳ್ಳೆಯದು. ಅರ್ಧಕ್ಕೆ ಬಿಟ್ಟ ಪದವಿಗೆ ಕಟ್ಟಿದ ಶುಲ್ಕ ಎಷ್ಟೇ ಕಡಿಮೆ ಇದ್ದರೂ ಅದು ದುಬಾರಿಯೇ.

ಇಲ್ಲಿ ರೈತಾಪಿ ಮನೆಗಳಿಗೆ ಒಂದು ತೊಡಕು ಇದೆ. ಪ್ರವೇಶ ಪುಸ್ತಿಕೆ ಬರೆದವರಿಗೆ ಅದು ಹೊಳೆದಿರಲಿಕ್ಕಿಲ್ಲ. ಇಗ್ನೊ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಜೂನ್ ಅಂದರೆ ಮುಂಗಾರು ಬಿತ್ತನೆ, ತೊಗರಿ ಹಾಕುವ ಹೊತ್ತು. ಡಿಸೆಂಬರ್ ಅಂದರೆ ತೊಗರಿ ರಾಶಿ ಹತ್ತಿರ ಬಂದಿರುತ್ತದೆ, ಹವಳಗಾ, ಭೂಸನೂರ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಜೋರಾಗಿರುತ್ತದೆ. ಪರೀಕ್ಷೆಗೆ ಶೇ 70, ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟಿಗೆ ಶೇ 30 ಅಂಕ. ಆ ಮೂವತ್ತನ್ನು ಬಿಡುವಿನ ತಿಂಗಳುಗಳಲ್ಲಿ ಗಟ್ಟಿ ಮಾಡಿಕೊಂಡು, ಒಂದು ಹಂಗಾಮಿನಲ್ಲಿ ಎಲ್ಲ ಪತ್ರಿಕೆ ಬರೆಯುವ ಹಟ ಬಿಟ್ಟು ಎರಡು ಮೂರು ಪತ್ರಿಕೆಯಂತೆ ಕಟ್ಟಿದವರು ದಡ ಮುಟ್ಟುವುದು ಸುಲಭ.

ಲಕ್ಷ ರೂಪಾಯಿಯ ಹೆಸರು

ಇನ್ನೊಂದು ಕಡೆ ಮೊಬೈಲ್ ತೆರೆದರೆ ಆನ್‌ಲೈನ್ ಎಂಬಿಎ ಜಾಹೀರಾತು. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯ, ಶುಲ್ಕ ಲಕ್ಷ ದಾಟುತ್ತದೆ, ಜೊತೆಗೆ ತಿಂಗಳ ಕಂತಿನ ಸಾಲ. ಪುಣೆ, ಬೆಂಗಳೂರು, ಹೈದರಾಬಾದಿನ ಖಾಸಗಿ ಕಂಪನಿಗಳಲ್ಲಿ ದುಡಿಯುವ ಈ ಭಾಗದ ಯುವಕರು ಹೆಚ್ಚು ಕೇಳುವುದು ಇದರ ಬಗ್ಗೆ.

ಖಾಸಗಿ ಕಂಪನಿಯಲ್ಲಿ ಹೆಸರಿಗೆ ಒಂದಿಷ್ಟು ಬೆಲೆ ಇರುವುದು ಖರೇ. ಆದರೆ ಐದಾರು ವರ್ಷ ಅನುಭವ ಇರುವವನನ್ನು ಅಲ್ಲಿ ಮೊದಲು ಕೇಳುವುದು ಏನು ಕೆಲಸ ಮಾಡಿದ್ದೀರಿ ಅಂತ. ಮಾನವ ಸಂಪನ್ಮೂಲ ವಿಭಾಗದ ಪಟ್ಟಿಯಲ್ಲಿ "ಪದವಿ ಇದೆ" ಎಂದು ಗುರುತು ಹಾಕಲು ಸರ್ಕಾರಿ ಮುಕ್ತ ವಿಶ್ವವಿದ್ಯಾಲಯದ ಎಂಬಿಎ ಸಾಕಾಗುವುದಾದರೆ, ಬರೀ ಹೆಸರಿಗಾಗಿ ಹೆಚ್ಚು ಕೊಡುವುದರಲ್ಲಿ ಅರ್ಥ ಕಡಿಮೆ. ಕೇಳಬೇಕಾದ ಪ್ರಶ್ನೆ ಒಂದೇ: ತಮ್ಮದೇ ಕಂಪನಿಯಲ್ಲಿ ಆ ಪದವಿ ಪಡೆದ ಯಾರಿಗಾದರೂ ಸಂಬಳ ಏರಿದೆಯೇ? ಏರಿದ್ದರೆ ಎಷ್ಟು, ಸಾಲದ ಕಂತು ಎಷ್ಟು?

ಹೆಸರಿನ ಈ ಜಗ್ಗಾಟ ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1910ರಿಂದಲೇ ದುಡಿಯುವವರಿಗಾಗಿ ಎಕ್ಸ್‌ಟೆನ್ಷನ್ ಸ್ಕೂಲ್ ನಡೆಸುತ್ತಿದೆ. ಅಲ್ಲಿ ಪಡೆದ ಪದವಿಯಲ್ಲಿ "ಎಕ್ಸ್‌ಟೆನ್ಷನ್ ಸ್ಟಡೀಸ್" ಎಂಬ ಎರಡು ಪದ ಬರುತ್ತವೆ. ಅದು ಅಸಲಿ ಹಾರ್ವರ್ಡ್ ಹೌದೋ ಅಲ್ಲವೋ ಎಂದು ಅಲ್ಲೂ ಮಂದಿ ಜಗಳ ಆಡುತ್ತಾರೆ. ನಮ್ಮಲ್ಲಿಯೂ ದೂರಶಿಕ್ಷಣದ ಪ್ರಮಾಣಪತ್ರದಲ್ಲಿ ಯಾವ ವಿಧಾನದಲ್ಲಿ ಕಲಿತದ್ದು ಎಂದು ನಮೂದಿಸಬೇಕು ಎನ್ನುತ್ತದೆ 2020ರ ನಿಯಮಾವಳಿ. ಮುಚ್ಚಿಡಬೇಕಾದ ಸಂಗತಿ ಅದಲ್ಲ. "ದುಡಕೋತ ಓದೀನ್ರಿ" ಅಂತ ಸಂದರ್ಶನದಲ್ಲಿ ನೇರ ಹೇಳುವುದೇ ಅನೇಕ ಕಡೆ ಗುಣವಾಗಿ ಎಣಿಕೆಯಾಗುತ್ತದೆ.

ಊರಲ್ಲಿ ಕಿಮ್ಮತ್ತಿನ ಲೆಕ್ಕ ಬೇರೆ. ಪಿಯುಸಿಗೆ ಮದುವೆಯಾಗಿ ಬಂದ ಸೊಸೆ ಮೂವತ್ತೈದರಲ್ಲಿ ಬಿಎ ಮುಗಿಸಿದರೆ ನೌಕರಿ ಸಿಗಬಹುದು, ಸಿಗದಿರಬಹುದು. ಮಗಳ ಶಾಲೆಯ ಸಭೆಯಲ್ಲಿ ಮುಂದೆ ಕೂಡುತ್ತಾಳೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾಳೆ, ಬ್ಯಾಂಕಿನಲ್ಲಿ ಫಾರಂ ತುಂಬಲು ಇನ್ನೊಬ್ಬರನ್ನು ಕಾಯುವುದಿಲ್ಲ. ಇದನ್ನು ರೂಪಾಯಿಗೆ ಇಳಿಸಿ ದುಬಾರಿಯೋ ಅಗ್ಗವೋ ಅನ್ನುವುದು ಕಷ್ಟ. ನೌಕರಿಗಾಗಿ ಸೇರುವವರು ಒಂದು ಲೆಕ್ಕ, ಹೀಗೆ ಸೇರುವವರು ಇನ್ನೊಂದು ಲೆಕ್ಕ ಹಾಕಬೇಕು. ಎರಡನೆಯವರಿಗೆ ಕಡಿಮೆ ಶುಲ್ಕ, ಕನ್ನಡ ಪುಸ್ತಕ, ಹತ್ತಿರದ ಕೇಂದ್ರ ಇದ್ದರೆ ಸಾಕು.

ಹೊತ್ತು ಇರುವವರಿಗೆ ಇನ್ನೊಂದು ದಾರಿ ಅಫಜಲಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಮನೆಯಲ್ಲಿ ಒಬ್ಬರ ದುಡಿಮೆ ಸಾಕಾಗುತ್ತದೆ, ಇನ್ನೊಬ್ಬರು ದಿನಾ ಹೋಗಿ ಬರಬಹುದು ಅನ್ನುವಂತಿದ್ದರೆ ಅದನ್ನೂ ತೂಗಿ ನೋಡಬೇಕು. ಎದುರಿಗೆ ಮೇಷ್ಟ್ರು ಇದ್ದು ಕಲಿಯುವುದಕ್ಕೆ ಸಮ ಇಲ್ಲ. ಅಲ್ಲದೆ 2022ರಿಂದ ಯುಜಿಸಿ ಒಂದೇ ಕಾಲಕ್ಕೆ ಎರಡು ಪದವಿಗೆ ಅವಕಾಶ ಕೊಟ್ಟಿದೆ. ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ. ದುಡಿಯುವವರಿಗೆ ಇದು ಬೇಡದ ಭಾರ.

ಕಟ್ಟುವ ಮುಂಚೆ

ದೂರಶಿಕ್ಷಣದಲ್ಲಿ ಯಾವ ವಿಶ್ವವಿದ್ಯಾಲಯವೂ ಫ್ರಾಂಚೈಸಿ ಕೊಡುವಂತಿಲ್ಲ. ರಾಜ್ಯದ ಮುಕ್ತ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿ ದಾಟಿ ಕೇಂದ್ರ ತೆರೆಯುವಂತಿಲ್ಲ. ಗಡಿಯಾಚೆ ಅಕ್ಕಲಕೋಟ, ಸೊಲ್ಲಾಪುರ ಕಡೆ ನಾಶಿಕದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯದ ಹೆಸರು ಎಲ್ಲರಿಗೂ ಗೊತ್ತು. ಮಹಾರಾಷ್ಟ್ರದಲ್ಲಿ ಅದು ಮಾನ್ಯ ಸಂಸ್ಥೆಯೇ. ಆದರೆ ಅದರ ಕೇಂದ್ರ ಇಲ್ಲೇ ಅಫಜಲಪುರದ ಅಂಗಡಿಯಲ್ಲಿ ಇದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರಬೇಕು. "ಮುಕ್ತ ವಿಶ್ವವಿದ್ಯಾಲಯ" ಎಂಬ ಹೆಸರೂ ಸಾಕಾಗುವುದಿಲ್ಲ. ಗೋಕಾಕದ ಬಡಗಾಣ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ ಎಂಬ ಹೆಸರು ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಣಿಸಿಕೊಂಡಿದೆ.

2024ರ ಪ್ರವೇಶದಿಂದ ಒಂದು ಹೊಸ ಕ್ರಮ ಬಂದಿದೆ. ದೂರಶಿಕ್ಷಣಕ್ಕೆ ಅಥವಾ ಆನ್‌ಲೈನ್ ಪದವಿಗೆ ಸೇರುವವರು ಮೊದಲು ಆಧಾರ್ ಮೂಲಕ ಎಬಿಸಿ ಐಡಿ ಮಾಡಿಸಿ, ನಂತರ ಯುಜಿಸಿ ಜಾಲತಾಣದಲ್ಲಿ ಡೆಬ್ ಐಡಿ ಪಡೆಯಬೇಕು. ಆಮೇಲಷ್ಟೇ ವಿಶ್ವವಿದ್ಯಾಲಯದ ಪ್ರವೇಶ. ಮಾಹಿತಿ ತುಂಬಲು ಸೈಬರ್ ಅಂಗಡಿಯ ಸಹಾಯ ಪಡೆಯುವುದು ಸಹಜ. ಆದರೆ ಮೊಬೈಲ್ ನಂಬರ್ ತಮ್ಮದೇ ಕೊಡಬೇಕು, ಇಲ್ಲದಿದ್ದರೆ ಪ್ರತಿ ಒಟಿಪಿಗೂ ಆ ಅಂಗಡಿಗೇ ಓಡಬೇಕಾಗುತ್ತದೆ. ಡೆಬ್ ಐಡಿ ಕೇಳದೆ ರೊಕ್ಕ ತೆಗೆದುಕೊಂಡು "ಆಮ್ಯಾಲ ಮಾಡೋಣ ಬರ್ರಿ" ಅನ್ನುವವರು ಪ್ರವೇಶ ಮಾಡಿಸುತ್ತಿಲ್ಲ ಎಂದೇ ತಿಳಿಯಬೇಕು. ಶುಲ್ಕ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಕಟ್ಟಿ, ರಶೀದಿಯಲ್ಲಿ ವಿಶ್ವವಿದ್ಯಾಲಯದ ಹೆಸರು, ಕೋರ್ಸು, ಪ್ರವೇಶದ ತಿಂಗಳು ಮೂರೂ ಇವೆಯೇ ಎಂದು ನೋಡಿಕೊಳ್ಳಬೇಕು. ಡೆಬ್ ಜಾಲತಾಣದಲ್ಲಿ ಆ ಕೋರ್ಸಿನ ಹೆಸರು ಕಾಣುವ ಪುಟವನ್ನೂ ಅದೇ ದಿನ ಒಂದು ಪ್ರಿಂಟ್ ತೆಗೆಸಿ ಅಂಕಪಟ್ಟಿಗಳ ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕು ವರ್ಷದ ನಂತರ ದಾಖಲೆ ಪರಿಶೀಲನೆಗೆ ಕರೆದಾಗ ಅದು ಬೇಕಾಗಬಹುದು.